ಒಬ್ಬಳೇ ಹೆದರಬೇಡ

ಆಸ್ಪತ್ರೆಗಳ ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗುಬ್ಬಿ ಎಂದೇ. ಅವಳ ದನಿ ಅಷ್ಟು ಸಣ್ಣದು. ಒದ್ದೆ ಬೆಡ್‌ಶೀಟುಗಳನ್ನು ಬಿಸಿ ರೋಲರಿಗೆ ಕೊಡುವುದು ಅವಳ ಕೆಲಸ. ಕೈ ಒಳಗೆ ಹೋಗದಿರಲಿ ಎಂದು ರೋಲರಿನ ಮುಂದೆ ಒಂದು ಅಡ್ಡಕಂಬಿ ಇತ್ತು. ಅದರಿಂದ ಕೆಲಸ ನಿಧಾನ ಎಂದು ಸೂಪರ್‌ವೈಸರ್ ಅದನ್ನು ಬಿಚ್ಚಿಸಿ ಹಾಕಿದ್ದ.

ಸೋಮವಾರ, ಪಕ್ಕದಲ್ಲಿ ನಿಂತಿದ್ದ, ಎಲ್ಲರೂ ಉದ್ದಜಡೆ ಎಂದು ಕರೆಯುವ ಗೆಳತಿಯ ಬೆರಳುಗಳು ಬಟ್ಟೆಯ ಜೊತೆಗೇ ಒಳಗೆ ಹೋದವು. ಗುಬ್ಬಿ ಓಡಿ ಕೆಂಪು ಗುಂಡಿ ಒತ್ತಿದಳು. ಮಷಿನ್ ನಿಂತಿತು. ಆದರೆ ಗೆಳತಿಯ ಆ ಕೂಗು ಮಾತ್ರ ಗುಬ್ಬಿಯ ಕಿವಿಯಲ್ಲಿ ನಿಲ್ಲಲೇ ಇಲ್ಲ.

ಮರುದಿನ ಸೂಪರ್‌ವೈಸರ್ ಹತ್ತಿರ ಬಂದ. "ನಾಳೆ ಬೆಳಿಗ್ಗೆ ನನ್ನ ರೂಮಿಗೆ ಬಾ. ಒಬ್ಬಳೇ ಬರಬೇಕು. ಕಂಬಿ ಇತ್ತು, ಅವಳೇ ತೆಗೆದು ಕೈ ಹಾಕಿದ್ಲು ಅಂತ ಸಹಿ ಹಾಕು. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ."

ಆ ಸಂಜೆ ಗುಬ್ಬಿ ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದಳು. ಗಂಡ ಗೋಡೆಗೆ ಬಣ್ಣ ಬಳಿಯುವವನು. "ಸಹಿ ತಾನೆ, ಹಾಕಿಬಿಡು. ಅವರನ್ನ ಎದುರು ಹಾಕ್ಕೊಂಡು ನಾವು ಬದುಕೋಕಾಗುತ್ತಾ?" ಎಂದ.

"ಅವಳ ಕೈ ಸುಟ್ಟಿದೆ ರೀ..."

"ನಮ್ಮ ಹೊಟ್ಟೆ ಸುಡೋದು ಬೇಡ ಕಣೇ!"

ಅಷ್ಟರಲ್ಲಿ ವಿಷಯ ತಿಳಿದು ಟೈಲರಕ್ಕ ಮನೆಗೆ ಬಂದಳು. ಅದೇ ಲಾಂಡ್ರಿಯಲ್ಲಿ ಹರಿದ ಬಟ್ಟೆ ಹೊಲಿಯುವವಳು, ಕಾರ್ಮಿಕ ಸಂಘದ ಪ್ರತಿನಿಧಿ.

"ಬನ್ನಿ ಅಕ್ಕಾ, ಚಂದಾ ವಸೂಲಿಗಾ?" ಎಂದು ಗಂಡ ಮೂಗು ಮುರಿದ.

"ಇಲ್ಲಪ್ಪ, ಕೊಟ್ಟ ಚಂದಾದ ಋಣ ತೀರಿಸೋಕೆ" ಎಂದು ಅಕ್ಕ ಗುಬ್ಬಿಯ ಪಕ್ಕ ಕೂತಳು. "ನೋಡು ತಂಗಿ, ಜಗಳಕ್ಕೆ ನಿಲ್ಲಬೇಡ. ಬೈದ್ರೂ ತಿರುಗಿ ಬೈಬೇಡ. ಸಿಟ್ಟಲ್ಲಿ ಕೆಲಸ ಬಿಟ್ಟು ಬರಬೇಡ. ‘ಸಂಘದವರು ಬಂದ ಮೇಲೆ ಮಾತಾಡ್ತೀನಿ’ ಅಂತ ಅಷ್ಟೇ ಹೇಳು, ಅಷ್ಟರಲ್ಲಿ ನಾನು ಬರ್ತೀನಿ. ಹಾಗೆ ಕೇಳಬಹುದು ಅಂತ ಕಂಪನಿ ಜೊತೆ ನಾವು ಮಾಡ್ಕೊಂಡ ಒಪ್ಪಂದದಲ್ಲೇ ಇದೆ. ಅಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡ. ಕಣ್ಣಾರೆ ಕಂಡದ್ದನ್ನ ಇವತ್ತೇ ಬರೆದಿಟ್ಕೋ. ನಾಳೆ ಗಾಬರೀಲಿ ಮರೆತುಹೋಗುತ್ತೆ."

"ಕೆಲಸ ಹೋದ್ರೆ?" ಎಂದ ಗಂಡ.

"ಹೋಗಲ್ಲ ಅಂತ ಆಣೆ ಇಡಲ್ಲಪ್ಪ. ಆದ್ರೆ ಸಹಿ ಬಿದ್ರೆ ಆ ಕಂಬಿ ವಾಪಸ್ ಬರಲ್ಲ. ಮುಂದೆ ನಿನ್ನ ಹೆಂಡತಿ ಕೈ ಒಳಗೆ ಹೋದ್ರೆ?"

ಗಂಡ ಹೆಂಡತಿಯ ಬೆರಳುಗಳನ್ನು ನೋಡಿದ. ಎದ್ದು ಪೆನ್ನು, ಕಾಗದ ತಂದು ಅವಳ ಮುಂದಿಟ್ಟ.

ಬೆಳಿಗ್ಗೆ ಗುಬ್ಬಿ ರೂಮಿನೊಳಗೆ ಕಾಲಿಟ್ಟಾಗ ಸೂಪರ್‌ವೈಸರ್ ಬಾಗಿಲು ಹಾಕಿದ. ಕಾಗದ ಮುಂದೆ ತಳ್ಳಿದ. ಅವಳು ಅದನ್ನು ಮುಟ್ಟಲಿಲ್ಲ.

"ಸರ್, ಸಂಘದವರು ಬಂದ ಮೇಲೆ ಮಾತಾಡ್ತೀನಿ."

"ಏನಂದೆ?" ಅವನು ಮೇಜು ಗುದ್ದಿದ. ಪೆನ್ನು ಉರುಳಿ ಕೆಳಗೆ ಬಿತ್ತು. ಗುಬ್ಬಿಗೆ ಅಕ್ಕ ಹೇಳಿದ್ದೆಲ್ಲ ಮರೆತುಹೋಯಿತು, ಆ ಒಂದು ಮಾತು ಬಿಟ್ಟು. ಅದನ್ನೇ ಮತ್ತೆ ಹೇಳಿದಳು.

"ಹೊರಗೆ ನಿಂತ್ಕೋ! ನಿನ್ನ ಕೆಲಸದ ಕಥೆ ಮುಗೀತು."

ಹೊರಗಿನ ಬೆಂಚಿನ ಮೇಲೆ ಕೂತು ಅವಳು ಸೆರಗಿನಿಂದ ಬೆವರು ಒರೆಸಿಕೊಂಡಳು. ಮನೆಗೆ ಹೋಗಿ ಏನೆಂದು ಹೇಳಲಿ ಎಂಬುದೊಂದೇ ಯೋಚನೆ. ಆಗ ಟೈಲರಕ್ಕ ಮ್ಯಾನೇಜರನ್ನು ಕರೆದುಕೊಂಡೇ ಬಂದಳು. ಅಕ್ಕ ಪಕ್ಕದಲ್ಲಿ ಕೂತ ಮೇಲೆ ಗುಬ್ಬಿ ಬರೆದಿಟ್ಟದ್ದನ್ನು ಓದಿದಳು. ದನಿ ಸಣ್ಣದೇ, ಆದರೆ ಎಲ್ಲರಿಗೂ ಕೇಳಿಸಿತು. ಮ್ಯಾನೇಜರ್ ಎದ್ದು ಹೋಗಿ ನೋಡಿದರು. ಸ್ಟೋರಿನ ಮೂಲೆಯಲ್ಲಿ ಕಂಬಿ ಧೂಳು ಹಿಡಿದು ಬಿದ್ದಿತ್ತು.

ಅಂದೇ ಕಂಬಿ ಮತ್ತೆ ಕೂತಿತು, ಗುಬ್ಬಿಯ ಕೆಲಸವೂ ಉಳಿಯಿತು. ಉದ್ದಜಡೆಯ ಚಿಕಿತ್ಸೆಯ ಖರ್ಚನ್ನೂ ರಜೆಯ ಸಂಬಳವನ್ನೂ ಕೊಡಲು ಕಂಪನಿ ಒಪ್ಪಿಕೊಂಡಿತು. ಅವಳ ಒಂದು ಬೆರಳು ಮಾತ್ರ ಇನ್ನೂ ಮಡಚುವುದಿಲ್ಲ. ಸೂಪರ್‌ವೈಸರ್ ಈಗಲೂ ಅಲ್ಲೇ ಇದ್ದಾನೆ. ಅವನ ಬೂಟಿನ ಸದ್ದಿಗೆ ಗುಬ್ಬಿಯ ಎದೆ ಈಗಲೂ ಧಸಕ್ಕೆನ್ನುತ್ತದೆ.

ಮುಂದಿನ ವಾರ ಕಂಟ್ರಾಕ್ಟರ್ ಹಗ್ಗವಿಲ್ಲದೆ ಎತ್ತರಕ್ಕೆ ಹತ್ತು ಎಂದಾಗ ಗುಬ್ಬಿಯ ಗಂಡ ಸೀದಾ ಟೈಲರಕ್ಕನ ಮನೆಗೆ ಹೋದ. "ಅಕ್ಕಾ, ಬಣ್ಣ ಬಳಿಯೋರಿಗೂ ಸಂಘ ಇದೆಯಾ?"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮೇಲಿನವರ ಜೊತೆ ತಕರಾರು ಬಂದಾಗ ಹೆದರಿಕೆ ಎಲ್ಲರಿಗೂ ಆಗುತ್ತದೆ. ಆದರೆ ಒಬ್ಬರೇ ಹೆದರಬೇಡಿ. ನಿಮ್ಮ ಸಂಘದ ಪ್ರತಿನಿಧಿ ಯಾರು, ಅವರು ಎಲ್ಲಿ ಸಿಗುತ್ತಾರೆ? ಇವತ್ತೇ ಕೇಳಿ ತಿಳಿದುಕೊಳ್ಳಿ.