ಕೈಗೆ ಕಟ್ಟಿದ ಕಾಲಿನ ಲೆಕ್ಕ

ಮೂವತ್ತೇಳು ಅಂತೆ, ಬಲ ಮಣಿಕಟ್ಟಿನ ಮೇಲೆ ಹಸಿರು ಅಂಕಿ ಮಿಣುಕುತ್ತಿದೆ, ಮೂವತ್ತೇಳು ಹೆಜ್ಜೆ, ಥೂ ಇದರ ಮುಖಕ್ಕಿಷ್ಟು, ಬೆಳಗಿನಿಂದ ವಾಕರ್ ಹಿಡಿದು ಈ ವಾರ್ಡಿನ ಉದ್ದಕ್ಕೂ ಹನ್ನೆರಡು ಸಲ ಹೋಗಿ ಬಂದಿದ್ದೇನೆ, ಹೋಗಿ ಬರಲು ತೊಂಬತ್ತು ಹೆಜ್ಜೆ, ಸಾವಿರದ ಎಂಬತ್ತಾಯಿತು, ಐವತ್ತು ವರ್ಷ ಟೇಪು ಹಿಡಿದ ದರ್ಜಿಗೆ ಅಳತೆ ಹೇಳಿಕೊಡುತ್ತದೆ ಹೆಜ್ಜೆ ಎಣಿಸುವ ಈ ರಬ್ಬರ್ ಪಟ್ಟಿ — ವಾಕರ್ ಹಿಡಿದರೆ ಕೈ ಅಲ್ಲಾಡುವುದಿಲ್ಲ, ಕೈ ಅಲ್ಲಾಡದಿದ್ದರೆ ನಾನು ನಡೆದೇ ಇಲ್ಲ, ಪ್ಯಾಂಟು ಹೊಲಿಯಲು ತೋಳಿನ ಅಳತೆ ತೆಗೆದ ಹಾಗಾಯಿತು, ನನ್ನ ಅಂಗಡಿಯಲ್ಲಾದರೆ ಅಂಥವನಿಗೆ ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲ. ಕಾಲಿಗೆ ಕಟ್ಟಿ ನೋಡಮ್ಮ ಅಂದೆ, ವ್ಯಾಯಾಮ ಮಾಡಿಸುವವಳು ಕಿಸಕ್ಕನೆ ನಕ್ಕಳು, ಅಯ್ಯೋ ತಾತ, ವಾಚು ಯಾರಾದ್ರೂ ಕಾಲಿಗೆ ಕಟ್ತಾರಾ, ಸೋಮಾರಿತನ ಬಿಡಿ, ನಾಳೆ ಡಾಕ್ಟ್ರು ನೋಡೋದು ಇದನ್ನೇ. ಸಾವಿರ ದಾಟಿದರೆ ಮನೆಗೆ, ನನ್ನ ಮೆಷಿನ್ನಿನ ಮುಂದಕ್ಕೆ, ಇಲ್ಲದಿದ್ದರೆ ಮುರಿದ ಸೊಂಟ ಇನ್ನೂ ಕೂಡಿಲ್ಲ ಅಂತ ಒಂದು ತಿಂಗಳು ಇಲ್ಲೇ, ಮಗಳಂತೂ ಆಗಲೇ ಹೇಳಿದ್ದಾಳೆ, ಅಪ್ಪಾ, ಆಗಲ್ಲ ಅಂದ್ರೆ ಅಂಗಡಿ ಬಿಟ್ಟುಕೊಟ್ಬಿಡೋಣ, ಮೆಷಿನ್ ಯಾರಿಗಾದ್ರೂ ಕೊಡೋಣ — ಯಾರಿಗಾದರೂ ಕೊಡಲು ಅದೇನು ಹಳೇ ಪೇಪರೇ? ಪಕ್ಕದ ಮಂಚದ ಬ್ಯಾಂಡ್ ಮಾಸ್ಟರ್ ಒಬ್ಬ, ಕೂತಲ್ಲಿಂದ ಕದಲುವುದಿಲ್ಲ ಮಹಾರಾಯ, ಮಂಚದಂಚಿನಲ್ಲಿ ಕೂತು, ಕಣ್ಣು ಮುಚ್ಚಿ, ಎದುರಿಗಿಲ್ಲದ ಬ್ಯಾಂಡಿಗೆ ಕೈ ಬೀಸುತ್ತಾನೆ, ಪಾದವೆರಡೂ ನೆಲ ಮುಟ್ಟದೆ ತೂಗಾಡುತ್ತಿರುತ್ತವೆ, ಅವನ ಪಟ್ಟಿಯಲ್ಲಿ ಸಂಜೆಗೆ ನಾಲ್ಕು ಸಾವಿರ! ಶಭಾಷ್ ತಾತ ಅಂತ ಅವನಿಗೆ ಚಪ್ಪಾಳೆ, ನೋಡಿ ಕಲೀರಿ ಅಂತ ನನಗೆ ಉಪದೇಶ. ನಾಳೆ ಅವನು ಮನೆಗಂತೆ, ಹೋಗಲಿ, ಹೊಸ್ತಿಲು ದಾಟುವಾಗ ಗೊತ್ತಾಗುತ್ತದೆ.

ಐದೂವರೆ, ಆರಕ್ಕೆ ಮಗಳು ಬರುತ್ತಾಳೆ, ಮತ್ತೆ ಅದೇ ಮುಖ, ಅದೇ ನಿಟ್ಟುಸಿರು. ಗಿರಾಕಿಯ ಬಟ್ಟೆಯಲ್ಲಿ ಒಂದಿಂಚು ಕದ್ದವನಲ್ಲ ನಾನು, ಉಳಿದ ಚೂರನ್ನೂ ಗಂಟು ಕಟ್ಟಿ ಕೊಟ್ಟವನು — ಬಲಗೈ ತಾನಾಗಿಯೇ ಎದ್ದಿತು, ಮೆಷಿನ್ನಿನ ಚಕ್ರ ತಿರುಗಿಸುವ ಹಾಗೆ, ಇಲ್ಲದ ಚಕ್ರ, ಅಂಕಿ ಏರಿತು, ಎಂಬತ್ತು, ಇನ್ನೂರು, ಓಡು ಮುಂಡೇದೇ ಓಡು, ಒಂಬೈನೂರು, ಸಾವಿರದ ಎಂಬತ್ತಕ್ಕೆ ನಿಲ್ಲಿಸಿದೆ, ನಡೆದಷ್ಟೇ, ಒಂದೂ ಹೆಚ್ಚಿಲ್ಲ. ಅಪ್ಪಾ! ಮಗಳು ನನ್ನ ಮಣಿಕಟ್ಟು ಹಿಡಿದಿದ್ದಾಳೆ, ಅವಳ ಕಣ್ಣು ತುಂಬಿದೆ, ನೋಡಿದ್ರಾ, ಮನಸ್ಸು ಮಾಡಿದ್ರೆ ಎಷ್ಟು ಚೆನ್ನಾಗಿ ನಡೀತೀರಿ, ಇಷ್ಟು ದಿನ ಯಾಕೆ ಹಟ ಮಾಡಿದ್ರಿ? ದಿನಾ ನಡೆದೆ ಕಣಮ್ಮ ಅನ್ನಬೇಕು, ನಾಚಿಕೆಯಾಗುತ್ತಿದೆ, ನನಗೆ, ನಿಜವಾಗಿ ನಡೆದವನಿಗೆ, ತಲೆ ತಗ್ಗಿಸಿದರೆ ಕೆಳಗೆ ಅವೇ, ಮಂಚದಂಚಿನಲ್ಲಿ ತೂಗಾಡುತ್ತ, ನೆಲ ಮುಟ್ಟದ ಎರಡು ಪಾದ, ನನ್ನವು