ಹೌಗ್ಲಂಡರ ಪುಟ ನೋಡಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಪೆಲ್ಟನ್ ಕೌಂಟಿ ಎಂಬ ಜಿಲ್ಲೆ ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿದೆ ಎಂದು ಶುರು ಮಾಡಿದರೆ ಭೂಗೋಳದ ಪಾಠವಾಗುತ್ತದೆ. ಸಾವಿರದ ಎಂಟುನೂರ ಎಪ್ಪತ್ತೈದರಲ್ಲಿ ಎಂದು ಶುರು ಮಾಡಿದರೆ ನೀವು ಆಕಳಿಸುತ್ತೀರಿ. ‘ಮುಸುಕಿನ ಜೋಳದ ಹೊಲಗಳ ಮೇಲೆ ಗಾಳಿ ಬೀಸುತ್ತಿತ್ತು’ ಎಂದು ಒಮ್ಮೆ ಬರೆದು ನೋಡಿದೆ. ಇಲ್ಲಿ ಗಾಳಿ ಬೀಸದ ದಿನ ಯಾವುದಿದೆ? ಹೊಡೆದುಹಾಕಿದೆ.

“ನನ್ನಿಂದ ಶುರು ಮಾಡಿ ಡಾಕ್ಟ್ರೇ,” ಎಂದಳು ಆರ್ಡಿಸ್ ಹೌಗ್ಲಂಡ್. “ಹೆಂಗಿದ್ರೂ ಕೆಲಸ ಎಲ್ಲಾ ನಂದೇ ತಾನೆ.”

(ನಾನು ದನದ ಡಾಕ್ಟರು. ಇಪ್ಪತ್ತೆಂಟು ವರ್ಷದಿಂದ ಈ ಕೌಂಟಿಯ ಹಸುಗಳ ಹೆರಿಗೆ ಮಾಡಿಸುತ್ತಿದ್ದೇನೆ. ಕಥೆ ಬರೆಯುವ ಚಟ ಆಮೇಲೆ ಅಂಟಿದ್ದು. ಹಸುಗಳು ಎದುರು ಮಾತಾಡುವುದಿಲ್ಲ.)

೨

ಆರ್ಡಿಸ್‌ಗೆ ಎಪ್ಪತ್ತನಾಲ್ಕು. ಹಾರ್ಲಿನ್ ಊರಿನ ಕೌಂಟಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ದಾಖಲೆ ಕಾಯ್ದು ನಿವೃತ್ತಳಾದವಳು. ಈಗ ಕೌಂಟಿಗೆ ನೂರೈವತ್ತು ತುಂಬಿದ್ದರಿಂದ ಚರಿತ್ರೆಯ ಪುಸ್ತಕ ಬರುತ್ತಿದೆ, ಅದರ ಸಮಿತಿಗೆ ಕಾರ್ಯದರ್ಶಿ. ಸಮಿತಿಯಲ್ಲಿ ಇನ್ನೂ ಆರು ಜನ ಇದ್ದಾರೆ. ಅವರು ಕಾಫಿಗೆ ಬರುತ್ತಾರೆ.

ಪುಸ್ತಕಕ್ಕೆ ಒಂದೇ ನಿಯಮ. ಯಾವ ಮನೆಯ ಕಥೆಯನ್ನೂ ಆ ಮನೆಯವರೇ ಬರೆಯಬೇಕು, ಬೇರೆ ಯಾರೂ ಒಂದು ಚುಕ್ಕೆಯನ್ನೂ ತಿದ್ದಕೂಡದು. ನಿಯಮ ಮಾಡಿದವಳು ಆರ್ಡಿಸೇ. ನೂರು ವರ್ಷ ತುಂಬಿದಾಗ ಬಂದ ಪುಸ್ತಕದಲ್ಲಿ ಒಂದು ಮನೆಯವರು ‘ತಾತ ಸಿಡಿಲು ಬಡಿದು ತೀರಿಕೊಂಡರು’ ಎಂದು ಬರೆದುಕೊಟ್ಟರೆ, ಆಗಿನ ಸಮಿತಿ ಅದನ್ನು ‘ಕುಡಿದು ಬಾವಿಗೆ ಬಿದ್ದರು’ ಎಂದು ತಿದ್ದಿತು. ಬಾವಿಯೇ ನಿಜವಂತೆ. ಆದರೂ ಆ ಮನೆಯವರು ಐವತ್ತು ವರ್ಷದಿಂದ ಚರ್ಚಿನ ಕೊನೆಯ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂರುತ್ತಾರೆ.

ಹೊಸ ನಿಯಮದಿಂದ ಊರಿನಲ್ಲಿ ಶಾಂತಿ ಇದೆ. ಪುಸ್ತಕದಲ್ಲಿ ಮಾತ್ರ ಈ ಕೌಂಟಿಗೆ ಎಲ್ಲರಿಗಿಂತ ಮೊದಲು ಬಂದ ಮನೆತನಗಳು ಹನ್ನೊಂದಾಗಿವೆ.

೩

ಬುಧವಾರ ಬೆಳಿಗ್ಗೆ ಎಮಿಲ್ ವೊಂದ್ರಾಚೆಕ್ ಕೋಲೂರಿಕೊಂಡು ಕಚೇರಿಗೆ ಬಂದ. ಎಂಬತ್ತೊಂದು ವರ್ಷದವನು. ಹತ್ತು ಮೈಲಿ ಆಚೆಯ ಲಿಪಾ ಊರಿನವನು. ಲಿಪಾದಲ್ಲೀಗ ಮೂರು ಜನ, ಐದು ನಾಯಿ, ಬಾಗಿಲು ಹಾಕಿದ ಒಂದು ಕ್ಯಾಥೊಲಿಕ್ ಚರ್ಚು. ಶನಿವಾರದಿಂದ ಎರಡೇ ಜನ. ಎಮಿಲ್‌ನ ಮಂಡಿಗಳು ಕೈಕೊಟ್ಟಿವೆ, ಒಮಾಹಾದಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾನೆ.

ಕಚೇರಿಯ ಗೋಡೆಯ ಮೇಲೆ ಆರ್ಡಿಸ್‌ಳ ಮುತ್ತಜ್ಜ ಟೋರ್ವಲ್ಡ್ ಹೌಗ್ಲಂಡರ ದೊಡ್ಡ ಪಟ ಇದೆ. ಕೆಳಗೆ ‘ಪೆಲ್ಟನ್ ಕೌಂಟಿಯ ಪಿತಾಮಹ’ ಎಂದು ಹಿತ್ತಾಳೆಯ ಫಲಕ. ವಾರಕ್ಕೊಮ್ಮೆ ಅದನ್ನು ಉಜ್ಜುವವಳು ಆರ್ಡಿಸ್.

“ನಿಮ್ಮಜ್ಜ ಇನ್ನೂ ಹಂಗೇ ಗುರಾಯಿಸ್ತಾನಲ್ಲ,” ಎಂದ ಎಮಿಲ್.

“ನಿನ್ನ ಕಂಡ್ರೆ ಮಾತ್ರ. ಕೂತ್ಕೋ. ನಿಮ್ಮನೆ ಪುಟ ಎಲ್ಲಿ? ಶುಕ್ರವಾರ ಸಂಜೆ ಪ್ರೆಸ್‌ಗೆ ಹೋಗುತ್ತೆ.”

“ನಿಮ್ಮನೇದು ಆಯ್ತಾ?”

“ನಂದು ಕೊನೇಗೆ.”

“ಹಂಗಾದ್ರೆ ಅದರಲ್ಲಿ ಒಂದು ಸಾಲು ಸೇರಿಸು. ಕೌಂಟಿಯ ಮೊದಲನೇ ಕೇಂದ್ರ ಲಿಪಾ ಆಗಿತ್ತು, ನಿಮ್ಮಜ್ಜ ಅದನ್ನ ಕದ್ದ ಅಂತ.”

“ಶುರುವಾಯ್ತು ಹಳೇ ರಾಗ. ಬೇಕಾದ್ರೆ ನಿನ್ನ ಪುಟದಲ್ಲಿ ಬರ್ಕೋ. ನಾನೇನು ತಿದ್ದಲ್ಲ.”

“ನನ್ನ ಪುಟದಲ್ಲಿ ಬರೆದ್ರೆ ಅದು ವೊಂದ್ರಾಚೆಕ್‌ಗಳ ಹೊಟ್ಟೆಕಿಚ್ಚು ಆರ್ಡಿಸ್. ನಿನ್ನ ಪುಟದಲ್ಲಿ ಬಂದ್ರೆ ಚರಿತ್ರೆ.”

ಗೋಣಿತಾಟಿನಲ್ಲಿ ಸುತ್ತಿದ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಅವನು ಎದ್ದ. “ಒಮಾಹಾದಲ್ಲಿ ನನ್ನ ತಂಗಿ ಮನೇಲಿ ಇದಕ್ಕೆ ಜಾಗ ಇಲ್ಲ. ಅವಳ ಮನೇಲಿ ನನಗೇ ಜಾಗ ಕಮ್ಮಿ,” ಎಂದು ಹೊರಟುಹೋದ.

ಆರ್ಡಿಸ್ ತಾಟನ್ನು ಬಿಚ್ಚಲಿಲ್ಲ. ಅದು ಏನೆಂದು ಅವಳು ಕೇಳಲೂ ಇಲ್ಲ.

೪

ಈಗ ಕದ್ದ ಕಥೆ. (ಇದನ್ನು ಎಮಿಲ್ ನನಗೊಬ್ಬನಿಗೇ ಹೇಳಿದ್ದು. ಆರ್ಡಿಸ್‌ಗೆ ಗೊತ್ತಿಲ್ಲ. ನೀವೂ ಬಾಯಿಬಿಡಬೇಡಿ.)

ಆ ಕಾಲದಲ್ಲಿ ದಾಖಲೆಗಳು ಯಾವ ಊರಿನಲ್ಲಿದ್ದವೋ ಅದೇ ಕೌಂಟಿಯ ಕೇಂದ್ರ. ದಾಖಲೆಗಳು ಲಿಪಾದಲ್ಲಿದ್ದವು, ಎಮಿಲ್‌ನ ಮುತ್ತಜ್ಜ ವಾಕ್ಲಾವ್‌ನ ಕೈಯಲ್ಲಿ. ಲಿಪಾದ ಕ್ಯಾಥೊಲಿಕ್ಕರ ಪ್ರಾರ್ಥನೆ ಭಾನುವಾರ ಒಂಬತ್ತಕ್ಕೆ. ಹಾರ್ಲಿನ್ನಿನ ಲೂಥರನ್ನರದ್ದು ಮಧ್ಯಾಹ್ನ ಒಂದಕ್ಕೆ. ಲಿಪಾದವರೆಲ್ಲ ಚರ್ಚಿನಲ್ಲಿದ್ದ ಹೊತ್ತಿಗೆ ಟೋರ್ವಲ್ಡರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು, ಖಾಲಿ ಊರಿನಿಂದ ಕಬ್ಬಿಣದ ತಿಜೋರಿಯನ್ನು ಗಾಡಿಗೆ ಹೇರಿಕೊಂಡು ಹೋದರು. ತಮ್ಮ ಪ್ರಾರ್ಥನೆಗೆ ಸರಿಯಾದ ಹೊತ್ತಿಗೆ ಮುಟ್ಟಿದರು ಕೂಡ. ಭಕ್ತಿಗೆ ಕೊರತೆ ಇರಲಿಲ್ಲ.

ತಿಜೋರಿ ಒಡೆದು ನೋಡಿದರೆ ಒಳಗೆ ಸೌತೆಕಾಯಿ ಉಪ್ಪಿನಕಾಯಿ. ಇಲಿಗಳ ಕಾಟಕ್ಕೆ ವಾಕ್ಲಾವ್‌ನ ಹೆಂಡತಿ ಜಾಡಿಗಳನ್ನು ಅದರಲ್ಲಿಡುತ್ತಿದ್ದಳು. ದಾಖಲೆ ಪುಸ್ತಕ (ಗೋಣಿತಾಟಿನಲ್ಲಿ ಬಂದದ್ದು ಅದೇ) ಆಗ ಚರ್ಚಿನಲ್ಲಿತ್ತು. ಆಕೆ ಗಿಡ್ಡಿ, ಪಾದ್ರಿ ಕಾಣಲಿ ಎಂದು ಅದರ ಮೇಲೆ ಕೂರುತ್ತಿದ್ದಳು.

ಟೋರ್ವಲ್ಡರು ತಿಜೋರಿಗೆ ಹೊಸ ಬೀಗ ಜಡಿದರು, ದಾಖಲೆ ಒಳಗಿದೆ ಎಂದು ಸಾರಿದರು, ಆಮೇಲೆ ನೆನಪಿದ್ದಷ್ಟನ್ನು ಹೊಸದಾಗಿ ಬರೆದರು. ವಾಕ್ಲಾವ್ ಎದ್ದು ನಿಂತು ‘ಪುಸ್ತಕ ನಮ್ಮಲ್ಲಿದೆ’ ಎನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಸರಕಾರಿ ಪುಸ್ತಕ ಹೆಂಡತಿಯ ಅಡಿಯಲ್ಲಿತ್ತು ಎಂದು ಯಾವ ಗಂಡಸು ಹೇಳಿಕೊಳ್ಳುತ್ತಾನೆ? ಒಂದು ಮನೆ ಉಪ್ಪಿನಕಾಯಿಯ ಮಾನಕ್ಕೆ, ಇನ್ನೊಂದು ಮನೆ ಹೆಂಡತಿಯ ಮಾನಕ್ಕೆ ಬಾಯಿ ಮುಚ್ಚಿಕೊಂಡವು. ಆಮೇಲೆ ರೈಲು ಹಾರ್ಲಿನ್ನಿಗೆ ಬಂತು. ಲಿಪಾ ಬರಿದಾಗುತ್ತಾ ಹೋಯಿತು.

೫

ಈಗ ನನ್ನ ಕಷ್ಟ. ಆರ್ಡಿಸ್ ಬರೆದರೆ ಗೋಡೆಯ ಮೇಲಿನ ಪಿತಾಮಹ ಕಳ್ಳನಾಗುತ್ತಾನೆ, ಅದೂ ಉಪ್ಪಿನಕಾಯಿ ಕಳ್ಳ. ಬರೆಯದಿದ್ದರೆ ಶನಿವಾರ ಎಮಿಲ್ ಹೋಗುತ್ತಾನೆ, ಲಿಪಾ ಕೇಂದ್ರವಾಗಿತ್ತು ಎಂದು ಹೇಳುವವರೇ ಇರುವುದಿಲ್ಲ. ಹಾಗಾಗಿ ಕೆಲವು ಕೊನೆಗಳನ್ನು ಬರೆದು ಆರ್ಡಿಸ್‌ಗೆ ತೋರಿಸಿದೆ.

ಒಂದನೆಯದು: ಎಮಿಲ್ ಬಿಟ್ಟುಹೋದ ಪುಸ್ತಕವನ್ನು ಅವಳು ಒಲೆಗೆ ಹಾಕುತ್ತಾಳೆ.

“ಮೂವತ್ತೊಂದು ವರ್ಷ ದಾಖಲೆ ಕಾಯ್ದವಳು ಸುಡ್ತೀನಾ? ನಿಮಗೆ ತಲೆ ನೆಟ್ಟಗಿದೆಯಾ?”

ಎರಡನೆಯದು: ಲಿಪಾದ ದಾರಿಯಲ್ಲಿ ಆ ತಿರುವಿದೆಯಲ್ಲ. (ಭೂಮಿ ದುಂಡಗಿದೆ, ಅಳತೆಯವರು ಎಳೆದ ಚೌಕಗಳು ದುಂಡಗಿಲ್ಲ. ಲೆಕ್ಕ ಹೊಂದಲಿ ಎಂದು ನೇರ ರಸ್ತೆಯೊಂದು ಅಲ್ಲಿ ನಲವತ್ತು ಮಾರು ಪಕ್ಕಕ್ಕೆ ಸರಿದು ಮತ್ತೆ ನೇರವಾಗುತ್ತದೆ.) ಅಲ್ಲಿ ಅವಳ ಕಾರು ಜೋಳದ ಹೊಲಕ್ಕೆ ನುಗ್ಗುತ್ತದೆ, ಎಮಿಲ್ ಟ್ರ್ಯಾಕ್ಟರ್ ತಂದು ಎಳೆಯುತ್ತಾನೆ, ಇಬ್ಬರೂ ರಾಜಿಯಾಗುತ್ತಾರೆ.

“ಆ ತಿರುವಲ್ಲಿ ಹೊಲಕ್ಕೆ ನುಗ್ಗೋರು ಹೊರಗಿನವರು. ನೀವು ಎರಡು ಸಲ ನುಗ್ಗಿದೀರಿ, ನಂಗೆ ನೆನಪಿದೆ.”

ಮೂರನೆಯದರಲ್ಲಿ, ಇಬ್ಬರಿಗೂ ಹರೆಯದಲ್ಲಿ ಒಂದಿಷ್ಟು ಒಲವಿತ್ತು ಎಂದು ಬರೆದಿದ್ದೆ. ಆರ್ಡಿಸ್ ಕನ್ನಡಕ ತೆಗೆದು ನನ್ನನ್ನು ನೋಡಿದಳು. “ಒಂದು ಸಲ ಅವನ ಜೊತೆ ಪೋಲ್ಕಾ ಕುಣಿದಿದ್ದೆ. ಹೆಬ್ಬೆರಳು ತುಳಿದ. ಚಳಿಗಾಲದಲ್ಲಿ ಈಗಲೂ ನೋಯುತ್ತೆ. ಅಷ್ಟೇ ನಮ್ಮ ಪ್ರೇಮ ಪುರಾಣ. ನೀವು ಕರು ಎಳೆಯೋದೇ ವಾಸಿ.”

ಮೂರನ್ನೂ ಹರಿದೆ.

೬

ಶುಕ್ರವಾರ ಮಧ್ಯಾಹ್ನ ಅಂಚೆಯಲ್ಲಿ ಎಮಿಲ್‌ನ ಪುಟ ಬಂತು. ಮೇಲೆ ‘ವೊಂದ್ರಾಚೆಕ್ ಮನೆತನ’ ಎಂಬ ತಲೆಬರಹ, ನಡುಗುವ ಅಕ್ಷರದಲ್ಲಿ. ಕೆಳಗೆ ಒಂದೇ ಸಾಲು.

‘ನಮ್ಮ ಮನೆಯ ಕಥೆಗೆ ಹೌಗ್ಲಂಡರ ಪುಟ ನೋಡಿ.’

ಆರ್ಡಿಸ್ ಅದನ್ನು ಎರಡು ಸಲ ಓದಿದಳು. ತಿದ್ದುವ ಹಾಗಿಲ್ಲ. ಕೈಬಿಡುವ ಹಾಗಿಲ್ಲ. ಕೌಂಟಿಯ ಪ್ರತಿ ಮನೆಯೂ ಈ ಸಾಲನ್ನು ಓದಿ, ಹಾಳೆ ಮಗುಚಿ, ಅವಳ ಪುಟಕ್ಕೆ ಬರುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ, ಏನೂ ಇಲ್ಲ ಎನ್ನುವುದನ್ನೂ ಓದುತ್ತದೆ.

“ಈ ಮುದುಕ,” ಎಂದಳು. ಸಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ ನೋವಾಗಿತ್ತು ಅವಳಿಗೆ. ಪಟದತ್ತ ಒಮ್ಮೆ ನೋಡಿದಳು, ಗೋಣಿತಾಟಿನತ್ತ ಒಮ್ಮೆ ನೋಡಿದಳು. ಆಮೇಲೆ ಫೋನ್ ಎತ್ತಿದಳು. ನಾನು ಇದನ್ನು ಬರೆದಿರಲಿಲ್ಲ, ನನ್ನನ್ನು ನಂಬಿ.

“ಎಮಿಲ್, ಆರ್ಡಿಸ್. ಪ್ಯಾಕಿಂಗ್ ಆಮೇಲೆ ಮಾಡ್ಕೋ. ಒಂದು ಕೇಳ್ಬೇಕಿತ್ತು. ಆ ತಿಜೋರಿಯಲ್ಲಿ ಸೌತೆಕಾಯಿ ಜಾಡಿ ಎಷ್ಟಿದ್ವು?”

(ನನ್ನ ಪೆನ್ನು ನಿಂತಿತು. ನಾನು ಅವಳಿಗೆ ಹೇಳಿರಲಿಲ್ಲ. ನೀವು ಹೇಳಿದಿರಾ?)

“ಹದಿನಾಲ್ಕು,” ಎಂದ ಎಮಿಲ್.

“ಹನ್ನೆರಡು ಅಂತಿದ್ರು ನಮ್ಮಜ್ಜಿ.”

“ಹಂಗಾದ್ರೆ ದಾರೀಲೇ ಎರಡು ತಿಂದಿದಾರೆ ನಿಮ್ಮೋರು.” ಆಮೇಲೆ ಕೇಳಿದ, “ಗೊತ್ತಿತ್ತಾ ನಿನಗೆ?”

“ಏಳು ವರ್ಷದವಳಿದ್ದಾಗಿಂದ.”

ಅರವತ್ತೇಳು ವರ್ಷ. ಆ ಫಲಕವನ್ನು ಅಷ್ಟು ಉಜ್ಜಿದ್ದು ಯಾಕೆ ಎಂದು ನನಗೆ ಆಗ ಹೊಳೆಯಿತು. ಇಬ್ಬರೂ ಫೋನನ್ನು ಇಡಲಿಲ್ಲ.

೭

ಆರ್ಡಿಸ್ ಬಿಳಿ ಹಾಳೆ ಎಳೆದುಕೊಂಡು ‘ಹೌಗ್ಲಂಡ್ ಮನೆತನ’ ಎಂದು ಬರೆದಳು. ಇನ್ನೇನು ಮೊದಲ ಸಾಲು ಕಾಣಬೇಕು, ನಾನು ಬಗ್ಗಿದೆ. ಅವಳು ಎಡಗೈಯನ್ನು ಹಾಳೆಗೆ ಅಡ್ಡ ಇಟ್ಟಳು, ಪರೀಕ್ಷೆಯಲ್ಲಿ ಮಕ್ಕಳು ಇಡುತ್ತಾರಲ್ಲ, ಹಾಗೆ.

“ಡಾಕ್ಟ್ರೇ, ನಿಯಮ ಗೊತ್ತಲ್ಲ? ನಮ್ಮನೆ ಪುಟ ನಾನೇ ಬರೀತೀನಿ. ನೀವು ಆಚೆ ನಡೀರಿ.”

“ಕಥೆಗೆ ಕೊನೆ ಬೇಕಲ್ಲ ಆರ್ಡಿಸ್.”

“ಅದು ನಿಮ್ಮ ತಾಪತ್ರಯ. ಬಾಗಿಲು ಎಳ್ಕೊಂಡು ಹೋಗಿ, ಗಾಳಿ ಬರುತ್ತೆ.”

ಬಾಗಿಲು ಎಳೆದುಕೊಂಡು ಬಂದೆ. ಮೆಟ್ಟಿಲ ಮೇಲೆ ನಿಂತು ಇದನ್ನು ಬರೆಯುತ್ತಿದ್ದೇನೆ. ಗಾಳಿ ಬೀಸುತ್ತಿದೆ, ಈ ಸಲ ಹೊಡೆದುಹಾಕುವುದಿಲ್ಲ. ಒಳಗಿನಿಂದ ಹನ್ನೆರಡೋ ಹದಿನಾಲ್ಕೋ ಎಂಬ ಜಗಳ ಫೋನಿನಲ್ಲಿ ಮತ್ತೆ ಶುರುವಾದದ್ದು ಕೇಳಿಸುತ್ತಿದೆ. ಏನು ಬರೆದಳು, ಎಷ್ಟು ಬರೆದಳು ಎಂದು ನನ್ನನ್ನು ಕೇಳಬೇಡಿ. ನನ್ನ ಪುಟದಲ್ಲಿರುವುದು ಇಷ್ಟೇ. ಉಳಿದದ್ದಕ್ಕೆ ಹೌಗ್ಲಂಡರ ಪುಟ ನೋಡಿ.