ಗೆರೆ ಮಾಸಿರಲಿಲ್ಲ

ಬಿಳಿ ಬಣ್ಣ ಕುದಿಯುತ್ತಿದೆ, ತಳ್ಳುಗಾಡಿಯ ಕೆಳಗೆ ಗ್ಯಾಸಿನ ಉರಿ ಸುಯ್ಯೆನ್ನುತ್ತಿದೆ, ಗುಳ್ಳೆಗಳು ಏಳುತ್ತಿವೆ, ಒಡೆಯುತ್ತಿವೆ — ಕೋಲು ಆಡಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ, ಹದಿನಾಲ್ಕು ವರ್ಷದಿಂದ ರಸ್ತೆಗೆ ಗೆರೆ ಬಳಿಯುವವನಿಗೆ ಇದನ್ನು ಹೇಳಿಕೊಡಬೇಕೆ, ಆದರೂ ಕೈ ಏಳುತ್ತಿಲ್ಲ, ಮೇಸ್ತ್ರಿ ಎರಡು ಸಲ ಕೂಗಿಯಾಯಿತು, ಬೇಗ ಮುಗಿಸೋ, ಹತ್ತು ಗಂಟೆಗೆ ಸಾಹೇಬ್ರು ಬರ್ತಾರೆ. ಪಾದಚಾರಿಗಳು ದಾಟುವ ಈ ಪಟ್ಟೆಗಳನ್ನು ಇಪ್ಪತ್ತು ದಿನದ ಹಿಂದೆ ನಾನೇ ಬಳಿದದ್ದು, ಇನ್ನೂ ಹಾಲಿನಂತಿವೆ, ಇವುಗಳ ಮೇಲೆಯೇ ಸೋಮವಾರ ಅಕ್ಕನಿಗೆ ವ್ಯಾನು ಬಡಿಯಿತು, ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು, ಡ್ರೈವರು ಮೊಬೈಲಿನಲ್ಲಿ ಮಾತಾಡುತ್ತಿದ್ದನಂತೆ, ಮೂಲೆಯ ಹಣ್ಣಿನಂಗಡಿಯವಳು ನೋಡಿದ್ದಾಳೆ — ದಿನಾ ಹಂಗೇ ಬರ್ತಾನೆ ಕಣಪ್ಪ, ಪೊಲೀಸಿನವರು ಕಂಡೂ ಕಾಣದ ಹಾಗೆ ಬಿಡ್ತಾರೆ. ನಾನೂ ಒಮ್ಮೆ ಪೇದೆಯನ್ನು ಕೇಳಿದ್ದೆ, ಸಾರ್, ಪಟ್ಟೆ ಹತ್ರ ಯಾರೂ ನಿಲ್ಲಿಸೋದೇ ಇಲ್ವಲ್ಲ, ಅವನು ನಕ್ಕ, ಒಬ್ಬನ್ನ ಹಿಡಿದ್ರೆ ಹಿಂದೆ ನೂರು ಗಾಡಿ ನಿಲ್ಲುತ್ತೆ, ನೀನು ಬಣ್ಣ ಬಳಿ, ಸಾಕು — ಬಳಿದೆ. ಅಕ್ಕ ಮೊದಲೆಲ್ಲ ಗಾಡಿಗಳ ನಡುವೆ ಬೆಕ್ಕಿನ ಹಾಗೆ ನುಸುಳಿ ದಾಟುತ್ತಿದ್ದಳು, ಹೊಲಿಗೆ ಕಾರ್ಖಾನೆಗೆ ತಡವಾಗುತ್ತದೆಂದು, ಬೈದವನು ನಾನು, ನಾಲ್ಕು ಹೆಜ್ಜೆ ಮುಂದೆ ನಡೆದು ಪಟ್ಟೆ ಮೇಲೆ ದಾಟೋಕೆ ಕಾಲು ಸವೆದು ಹೋಗುತ್ತಾ, ಅವಳು ನಗುತ್ತಾಳೆ, ಆಯ್ತು ಮಾರಾಯ, ತಮ್ಮ ಹಾಕಿದ ಗೆರೆ ದಾಟೋಳಲ್ಲ ನಾನು.

ನಿನ್ನೆ ಕಚೇರಿಯಲ್ಲಿ ಕಾಗದ ತಯಾರಾಗಿತ್ತು, ವ್ಯಾನಿನ ಮಾಲೀಕ ಸಾಹೇಬರಿಗೆ ಬೇಕಾದವನಂತೆ, ಪಟ್ಟೆ ಮಾಸಿದ್ದರಿಂದ ಚಾಲಕನಿಗೆ ಕಾಣಿಸಿಲ್ಲ, ಕೆಳಗೆ ನನ್ನ ಸಹಿಗೆ ಜಾಗ, ಮಾಸಿರಲಿಲ್ಲ ಸಾರ್ ಅಂದೆ, ಬಾಯಲ್ಲಿ ಅಂದೆನೋ ಮನಸ್ಸಿನಲ್ಲೋ, ಸಾಹೇಬರು ತಲೆ ಎತ್ತಲಿಲ್ಲ, ಮೇಸ್ತ್ರಿ ಕಿವಿಯಲ್ಲಿ, ಹೋದೋಳು ಬರ್ತಾಳೇನೋ, ನಾಳೆಯಿಂದ ಕೆಲಸ ಬೇಕೋ ಬೇಡ್ವೋ — ಹಾಕಿದೆ, ಒತ್ತಕ್ಷರ ಕೂಡ ತಪ್ಪಲಿಲ್ಲ. ಭಾವನಿಗೆ ಗೊತ್ತಿಲ್ಲ, ಬೆಳಿಗ್ಗೆ ಕೇಳಿದರು, ಕೇಸು ಗಟ್ಟಿಯಾಗಿ ನಿಲ್ಲುತ್ತೆ ಅಲ್ವೇನೋ, ಗೆರೆ ಚೆನ್ನಾಗಿತ್ತು ಅಂತ ನೀನೇ ಸಾಕ್ಷಿ ಹೇಳ್ತೀಯಲ್ಲ, ಹೂಂ ಅಂದೆ. ಗಾಡಿ ತಳ್ಳುತ್ತಿದ್ದೇನೆ, ಹಳೆ ಬಿಳಿಯ ಮೇಲೆ ಹೊಸ ಬಿಳಿ, ಇದು ಒಣಗಿದ ಮೇಲೆ ಮೊದಲಿನದು ಹೇಗಿತ್ತೆಂದು ಯಾರಿಗೂ ಕಾಣದು, ಒಂದು, ಎರಡು, ಮೂರು — ಇಲ್ಲೇ ಅಂದಳು ಹಣ್ಣಿನವಳು, ನಿಮ್ಮಕ್ಕ ಓಡಲಿಲ್ಲಪ್ಪ, ವ್ಯಾನು ಕಂಡ್ರೂ ಓಡಲಿಲ್ಲ, ಪಟ್ಟೆ ಮೇಲೆ ಇದ್ದೀನಲ್ಲ ಅನ್ನೋ ಧೈರ್ಯ, ಕೈ ಎತ್ತಿ ನಿಂತ್ಲು. ಕೈ ಎತ್ತಿ. ತಳ್ಳೋ, ಯಾಕೆ ನಿಂತೆ, ಮೇಸ್ತ್ರಿ ಕೂಗುತ್ತಾನೆ — ಸೂಜಿ ಚುಚ್ಚಿ ಒರಟಾದ ಬೆರಳು, ಅಗಲಿಸಿದ ಅಂಗೈ, ಓಡಬೇಕಿತ್ತಕ್ಕಾ, ಓಡಬೇಕಿತ್ತು — ಎತ್ತಿದ ಕೈ, ನಿಲ್ಲಿಸುತ್ತಾನೆ ಎಂದು ಎತ್ತಿದ ಕೈ